ತಾಳ್ಮೆಗೆ ಕೊಟ್ಟ ಹೊಗಳಿಕೆ

ಹಳೆಯ ಧಾರಾವಾಹಿಗಳ ಮಾತು ಬಂದರೆ ಸಾಕು, ನಮ್ಮ ವಯಸ್ಸಿನ ಹೆಂಗಸರಿಗೆ ತವರು ನೆನಪಾದಂತಾಗುತ್ತದೆ. ಮಲಗುವಾಗಲೂ ಜರತಾರಿ ಸೀರೆ ಉಟ್ಟ ಸೊಸೆಯಂದಿರು ಅಲ್ಲಿರಲಿಲ್ಲ, ನಿಜ. ಆದರೆ ಹಳೆಯದೆಲ್ಲ ಹೆಣ್ಣಿಗೆ ನ್ಯಾಯ ಮಾಡಿತ್ತೇ?

1985ರಲ್ಲಿ ನವಿಲುತೀರ್ಥದಿಂದ ಮುಂಬಯಿಯ ಅಕ್ಕನ ಮನೆಗೆ ಹೋಗಿದ್ದೆ. ಆಗ ದೂರದರ್ಶನದಲ್ಲಿ ‘ಹಮ್ ಲೋಗ್’ ನಡೆದಿತ್ತು. ಮನೋಹರ ಶ್ಯಾಮ ಜೋಶಿಯವರು ಬರೆದದ್ದು. ಕಂತಿನ ಕೊನೆಗೆ ಅಶೋಕ ಕುಮಾರ ಬಂದು ನಮ್ಮೊಡನೆ ಮಾತಾಡುತ್ತಿದ್ದರು. ಅದರಲ್ಲಿಯ ತಾಯಿ ಭಾಗವಂತಿ. ಕುಡುಕ ಗಂಡ, ಬೈಯುವ ಅತ್ತೆ, ಎಲ್ಲವನ್ನೂ ನುಂಗಿಕೊಂಡು ದುಡಿಯುವವಳು. ನೋಡುತ್ತ ನಾನು ಕಣ್ಣೊರೆಸಿಕೊಂಡೆ. ಅಕ್ಕನ ಬಾಳೂ ಅದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

“ಅಕ್ಕಾ, ನಿನ್ನ ತಾಳ್ಮಿನೂ ಭಾಳ ದೊಡ್ಡದು ನೋಡು” ಎಂದೆ, ಹೊಗಳಿಕೆಯೆಂದೇ.

ಅವಳು ರೊಟ್ಟಿ ಬಡಿಯುತ್ತಲೇ, “ತಾಳ್ಮಿ ಅಲ್ಲ ತಂಗೆವ್ವಾ, ಹೋಗಾಕ ಬ್ಯಾರೆ ಜಾಗಾ ಇಲ್ಲ” ಎಂದಳು.

ವಾರದ ಮೇಲೆ ನಾನು ಊರಿಗೆ ಮರಳಿದೆ. “ನನ್ನ ಮನೀಗೆ ಬಾ” ಎಂಬ ಮಾತು ಬಾಯಿಗೆ ಬರಲಿಲ್ಲ.

ಹೆಣ್ಣು ಹೀಗಿರಬಾರದು ಎಂದು ತೋರಿಸಲೆಂದೇ ಭಾಗವಂತಿಯನ್ನು ಚಿತ್ರಿಸಿದ್ದರಂತೆ. ಆದರೆ ಆ ಧಾರಾವಾಹಿಯ ಪರಿಣಾಮವನ್ನು ಅಭ್ಯಾಸ ಮಾಡಿದವರಿಗೆ ಕಂಡದ್ದು ಬೇರೆ: ಅನೇಕ ನೋಡುಗರು, ಹೆಂಗಸರೂ ಸಹ, ಅವಳನ್ನೇ ಆದರ್ಶವೆಂದು ಒಪ್ಪಿಕೊಂಡಿದ್ದರು. ತಪ್ಪು ಬರೆದವರದೋ, ನೋಡಿದವರದೋ? ಇಬ್ಬರದೂ ಎಂದು ನನಗನಿಸುತ್ತದೆ. ಮರುಕ ಹುಟ್ಟುವಂತೆ ದುಃಖವನ್ನು ಬರೆಯುವುದು ಸುಲಭ. ಆ ದುಃಖದಿಂದ ಹೊರಬರಲು ಬಾಗಿಲೇಕಿಲ್ಲ ಎಂದು ಕೇಳಿಸುವಂತೆ ಬರೆಯುವುದು ಕಷ್ಟ. ಅತ್ತು ಹಗುರಾದ ನೋಡುಗರಿಗೂ ಆ ಪ್ರಶ್ನೆ ಬೇಡವಾಗಿರುತ್ತದೆ.

1989ರ ‘ಉಡಾನ್’ ಆ ಬಾಗಿಲನ್ನು ತೋರಿಸಿತು. ಪೊಲೀಸ್ ಅಧಿಕಾರಿಯಾಗಿದ್ದ ಅಕ್ಕ ಕಾಂಚನ್ ಚೌಧರಿಯವರ ಬಾಳಿನ ಎಳೆ ಹಿಡಿದು ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ನಟಿಸಿದರು. 1998ರಲ್ಲಿ ಟಿ. ಎನ್. ಸೀತಾರಾಂ ಅವರ ‘ಮಾಯಾಮೃಗ’ ಬಂದಾಗ, ನಮ್ಮ ಮಧ್ಯಮವರ್ಗದ ಹೆಣ್ಣುಮಕ್ಕಳು ಅಳುವವರಷ್ಟೇ ಅಲ್ಲ, ಯೋಚಿಸುವವರೂ ಹೌದೆಂದು ಕಂಡಿತು.

ಮಲಪ್ರಭೆಯ ಅಣೆಕಟ್ಟು ತುಂಬಿದಾಗ ನಮ್ಮೂರಿಗೆ ಜನ ಬರುತ್ತಾರೆ. “ಎಷ್ಟ್ ನೀರ್ ಹಿಡದೈತಿ!” ಎಂದು ಬೆರಗಾಗುತ್ತಾರೆ. ಅಡಿಯಲ್ಲಿ ಮುಳುಗಿದ ಹೊಲಮನೆಗಳ ಮಾತು ಎತ್ತುವವರು ಕಡಿಮೆ. ಹೆಣ್ಣಿನ ತಾಳ್ಮೆಯನ್ನು ಹೊಗಳುವಾಗಲೂ ನಾವು ಹೀಗೆಯೇ ದಂಡೆಯ ಮೇಲೆ ನಿಂತಿರುತ್ತೇವೆ.

ಮಗಳನ್ನು ಗಂಡನ ಮನೆಗೆ ಕಳಿಸುವಾಗ ನಾನು “ಹೊಂದಿಕೊಂಡು ಹೋಗು” ಎನ್ನಲಿಲ್ಲ. ನಮ್ಮ ಮನೆಯ ಒಂದು ಕೀಲಿಕೈಯನ್ನು ಅವಳ ಕೈಯಲ್ಲಿಟ್ಟೆ. ಅಪಶಕುನ ಎಂದರು ಕೆಲವರು. ಅನ್ನಲಿ. ಅದನ್ನು ಅಂದೇ ಅಕ್ಕನಿಗೆ ಕೊಡಬೇಕಿತ್ತು.