ಎಡಮುರಿ, ಬಲಮುರಿ

ದೇವರ ಪೂಜೆಯಲ್ಲಿ ಬಲಮುರಿ ಶಂಖಕ್ಕಿರುವ ಮನ್ನಣೆ ವಾಚಕರಿಗೆ ತಿಳಿದದ್ದೇ. ಸಾವಿರಾರು ಶಂಖಗಳಲ್ಲಿ ಅದು ವಿರಳವೆಂಬುದೇ ಆ ಗೌರವಕ್ಕೆ ಒಂದು ಕಾರಣ. ಆದರೆ ಅದೇ ಮನೆಯಲ್ಲಿ ಮಗುವೊಂದು ಎಡಗೈಯಲ್ಲಿ ಬಳಪ ಹಿಡಿದರೆ ನಾವು ಗದರುತ್ತೇವೆ. ವಿರಳತೆ ಒಂದೆಡೆ ಪೂಜ್ಯ, ಇನ್ನೊಂದೆಡೆ ದೋಷ. ಇದು ನ್ಯಾಯವೇ?

ಹಿತ್ತಲಿನ ಬಸವನಹುಳುವನ್ನು ನೋಡೋಣ. ಅದರ ಚಿಪ್ಪು ಬಹುಮಟ್ಟಿಗೆ ಬಲಕ್ಕೇ ಸುತ್ತಿರುತ್ತದೆ. ಇಲ್ಲಿ ಎಡಬಲಗಳು ವಿಜ್ಞಾನಿಗಳ ಎಣಿಕೆಯವು. ಅವರು ಎಡಸುತ್ತೆನ್ನುವ ಶಂಖವೇ ನಮ್ಮ ಬಲಮುರಿ! ಹೆಸರೇ ನೋಡುವವರ ರೂಢಿಗೆ ಅಧೀನವೆಂದಾಯಿತು.

2016ರಲ್ಲಿ ಲಂಡನ್ನಿನ ಗೊಬ್ಬರದ ರಾಶಿಯೊಂದರಲ್ಲಿ ಎಡಸುತ್ತಿನ ಬಸವನಹುಳುವೊಂದು ದೊರೆಯಿತು. ಜೆರೆಮಿ ಎಂದು ಅದಕ್ಕೆ ಹೆಸರಾಯಿತು. ಅಂಗಾಂಗಗಳೆಲ್ಲ ಕನ್ನಡಿಯ ಬಿಂಬದಂತೆ ತಿರುಗಿದ್ದುದರಿಂದ ಬಲಸುತ್ತಿನವುಗಳೊಡನೆ ಅದು ಕೂಡುವುದು ದುಸ್ಸಾಧ್ಯವಾಗಿತ್ತು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಆಂಗಸ್ ಡೇವಿಸನ್ ಅವರು ಜೋಡಿಗಾಗಿ ಜನರಲ್ಲಿ ಮನವಿ ಮಾಡಿದರು. ಇಪ್ಸ್‌ವಿಚ್‌ನಿಂದ ಒಂದು, ಮಯೋರ್ಕಾ ದ್ವೀಪದಿಂದ ಒಂದು ಎಡಸುತ್ತಿನ ಹುಳು ಬಂದವು. 2017ರಲ್ಲಿ ಜೆರೆಮಿ ಸಾಯುವ ಮುನ್ನ ಸಂತಾನವಾಯಿತು. ಮರಿಗಳೆಲ್ಲ ಬಲಸುತ್ತಿನವೇ! ಈ ಜಾತಿಯಲ್ಲಿ ಎಡಸುತ್ತು ಸಾಮಾನ್ಯವಾಗಿ ವಂಶದಿಂದ ಬಂದುದಲ್ಲ, ಭ್ರೂಣದ ಬೆಳವಣಿಗೆಯಲ್ಲಿ ಒದಗಿದ ಆಕಸ್ಮಿಕವೆಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಬೇರೆ ಕೆಲವು ಜಾತಿಗಳಲ್ಲಿ ಅದು ವಂಶಗತವೇ. ಅಲ್ಲಿಯೂ ಒಂದು ಸೋಜಿಗವಿದೆ. ಮರಿಯ ಸುತ್ತನ್ನು ನಿಶ್ಚಯಿಸುವುದು ಮರಿಯ ಜೀನಲ್ಲ, ತಾಯಿಯದು. ತಾಯಿ ಮೊಟ್ಟೆಯಲ್ಲಿರಿಸಿದ ದ್ರವ್ಯವೇ ಮೊದಲ ಕೋಶವಿಭಜನೆಗಳ ಓರೆಯನ್ನು ಗೊತ್ತುಮಾಡುತ್ತದೆ. ಮರಿಯ ಜೀನಿನ ಫಲ ಅದರ ಮಕ್ಕಳಲ್ಲಿ ಕಾಣುತ್ತದೆ. ಕೊಳದ ಬಸವನಹುಳುವಿನ ವಿಷಯದಲ್ಲಿ ಸ್ಟರ್ಟೆವೆಂಟ್ ಎಂಬ ವಿಜ್ಞಾನಿ 1923ರಲ್ಲಿಯೇ ಹೀಗೆ ವಿವರಿಸಿದ್ದರು.

ಆಕಸ್ಮಿಕವಾಗಲಿ, ತಾಯಿಯ ಕೊಡುಗೆಯಾಗಲಿ, ಚಿಪ್ಪನ್ನು ಹೊತ್ತ ಜೀವಿಯು ಅದನ್ನು ಆರಿಸಿಕೊಂಡುದಲ್ಲ. ಮನುಷ್ಯನ ಎಡಗೈಯ ಕಾರಣಗಳು ಬೇರೆ ಇರಬಹುದು; ಆದರೆ ಮಗುವೂ ಅದನ್ನು ಆರಿಸಿಕೊಂಡಿಲ್ಲ. ಆರಿಸಿಕೊಳ್ಳದುದಕ್ಕೆ ದಂಡನೆ ಎಲ್ಲಿಯ ಧರ್ಮ?

"ಆಚಾರದಲ್ಲಿ ಬಲಗೈಗೇ ಸ್ಥಾನವಲ್ಲವೇ?" ಎಂದು ಹಿರಿಯರು ಕೇಳಬಹುದು. ನಿಜ. ತೀರ್ಥ ಪ್ರಸಾದಗಳನ್ನು ಬಲಗೈಯಲ್ಲಿ ಸ್ವೀಕರಿಸುವುದನ್ನು ಮಕ್ಕಳಿಗೆ ಕಲಿಸೋಣ, ಪ್ರೀತಿಯಿಂದ ಕಲಿಸೋಣ. ಆದರೆ ಆಚಾರವು ಕ್ರಿಯೆಗೆ ಸಂಬಂಧಿಸಿದ್ದು. ಬರೆಯುವ ಕೈ ಎಡವೆಂದು ಮಗುವೇ ಕೆಟ್ಟದ್ದೆಂಬ ಭಾವ ಅದರ ಮನಸ್ಸಿನಲ್ಲಿ ಮೂಡಿದರೆ ಅದು ನಮ್ಮ ಅಪರಾಧ. ನಾವೂ ಹಿಂದೆ ಗದರಿದವರೇ. ಇನ್ನಾದರೂ ಆ ಬಳಪವನ್ನು ಕಿತ್ತುಕೊಳ್ಳದೆ, ಅದು ಬರೆದ ಅಕ್ಷರವನ್ನು ನೋಡೋಣ.