ಬಟಾಣಿ ಗಿಡ ಮತ್ತು ಸೋದರಮಾವ

ಹೈಸ್ಕೂಲಿನ ಬಯಾಲಜಿ ಅಂದ್ರೆ ಬಹಳ ಜನಕ್ಕೆ ನೆನಪಾಗೋದು ಮೆಂಡಲ್‌ನ ಬಟಾಣಿ ಗಿಡ. ಎತ್ತರದ್ದು, ಗಿಡ್ಡದ್ದು, ಕೊನೆಗೆ 3:1. ಗಿಡ್ಡ ಗುಣ ಒಂದು ತಲೆಮಾರು ಅಡಗಿ ಕೂತಿದ್ದು, ತಂದೆ ತಾಯಿ ಎರಡೂ ಕಡೆಯಿಂದ ಬಂದಾಗ ಮಾತ್ರ ಹೊರಗೆ ಕಾಣಿಸುತ್ತೆ. ಪಾಠ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತೆ.

ಈ ಪಾಠ ಕಲಬುರಗಿ ಜಿಲ್ಲೆಯ ಇಜೇರಿಯಂಥ ಊರಲ್ಲಿ ನಡೀತಿದೆ ಅಂತ ಇಟ್ಕೊಳ್ಳಿ. ಒಬ್ಬ ಹುಡುಗನ ಅಪ್ಪ ಅವನ ಅವ್ವನ ಸೋದರಮಾವನೇ ಆಗಿರಬಹುದು. ಒಬ್ಬ ಹುಡುಗಿಯನ್ನು ತೊಟ್ಟಿಲಲ್ಲಿದ್ದಾಗಲೇ ಅತ್ತೆ ಮಗನಿಗೆ ಅಂತ ಮಾತಾಡಿಟ್ಟಿರಬಹುದು. ಇದು ಅಪರೂಪವೇನಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ಆಗಿವೆ. ಹಾಗಾದರೆ ಮೇಷ್ಟ್ರು ಬಟಾಣಿ ಬಿಟ್ಟು ಮನೆಯ ಮಾತಿಗೆ ಬರಬೇಕಾ?

ಬೇಡ ಅನ್ನೋರ ಮಾತಲ್ಲೂ ಹುರುಳಿದೆ. ಕಿವಿ ಕೇಳದ ತಮ್ಮ ಇರುವ ಹುಡುಗಿ ಸಂಜೆ ಮನೆಗೆ ಹೋಗಿ ಅವ್ವನನ್ನು ಯಾವ ಕಣ್ಣಿಂದ ನೋಡ್ತಾಳೆ? ಸಂಬಂಧದೊಳಗೆ ಕೊಡೋದಕ್ಕೂ ಕಾರಣಗಳಿವೆ: ಹೊಲ ಒಡೆಯೋದಿಲ್ಲ, ಮಗಳು ಗೊತ್ತಿರೋ ಮನೆ ಸೇರ್ತಾಳೆ.

ಆದರೆ ಪಠ್ಯ ಈಗಾಗಲೇ ಮನೆಯೊಳಗೆ ಕಾಲಿಟ್ಟಾಗಿದೆ. ಮಗು ಗಂಡೋ ಹೆಣ್ಣೋ ಅನ್ನೋದು ತಂದೆಯಿಂದ ಬರುವ ಕ್ರೋಮೋಸೋಮಿನಿಂದ ತೀರ್ಮಾನ ಆಗುತ್ತೆ ಅಂತ ಪುಸ್ತಕ ನೇರವಾಗಿ ಹೇಳುತ್ತೆ. ಬರೀ ಹೆಣ್ಣು ಹೆತ್ತಳು ಅಂತ ಬೈಸಿಕೊಂಡ ಎಷ್ಟೋ ಅವ್ವಂದಿರ ಪರ ನಿಲ್ಲುವ ಸಾಲು ಅದು. ಅದನ್ನು ಹೇಳಬಹುದಾದರೆ ಇದನ್ನೂ ಹೇಳಬಹುದು.

ಹೇಗೆ ಹೇಳ್ತೀವಿ ಅನ್ನೋದು ಮುಖ್ಯ. ತಪ್ಪು ಅಂತಲ್ಲ, ಲೆಕ್ಕ ಅಂತ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿನಿಂದಲೇ ಬರುವ ದೈಹಿಕ ನ್ಯೂನತೆಯ ಸಾಧ್ಯತೆ ಸಾಮಾನ್ಯವಾಗಿ 100ಕ್ಕೆ ಸುಮಾರು 3 ಇದ್ದರೆ, ಅತ್ತೆ-ಮಾವ, ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳ ನಡುವಿನ ಮದುವೆಗಳಲ್ಲಿ ಸುಮಾರು 6 ಇತ್ತು. ಅಪಾಯ ಎರಡು ಪಟ್ಟು, ನಿಜ. ಆದರೂ 94 ಮಕ್ಕಳಿಗೆ ಅಂಥ ತೊಂದರೆ ಇಲ್ಲ ಅನ್ನೋದೂ ಅಷ್ಟೇ ನಿಜ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಹಂಚಿಕೆಯಾಗಿರುವ ಜೀನ್‌ಗಳು ಇನ್ನೂ ಹೆಚ್ಚು, ಸರಾಸರಿ ಕಾಲು ಭಾಗ. ಹಾಗಾಗಿ ಅಡಗಿದ ಒಂದೇ ಗುಣ ಎರಡೂ ಕಡೆಯಿಂದ ಬರುವ ಸಾಧ್ಯತೆಯೂ ಹೆಚ್ಚು. ಎರಡೂ ಮಾತನ್ನು ಒಟ್ಟಿಗೆ ಹೇಳಿದರೆ ಅವ್ವ ಅಪರಾಧಿ ಆಗೋದಿಲ್ಲ, ಮಗಳಿಗೆ ಸತ್ಯವೂ ತಪ್ಪೋದಿಲ್ಲ.

ಇದನ್ನು ಪಿಯುಸಿಗೆ ಬಿಡೋಣ ಅಂದ್ರೆ, ಅಲ್ಲಿ ಬಯಾಲಜಿ ಓದೋರು ಅದನ್ನು ಆರಿಸಿಕೊಂಡವರು ಮಾತ್ರ. ಆರ್ಟ್ಸ್, ಕಾಮರ್ಸ್, ಐಟಿಐ ಸೇರುವವರಿಗೂ, ಓದು ಬಿಟ್ಟು ಮದುವೆ ಆಗುವವರಿಗೂ ಹತ್ತನೇ ಕ್ಲಾಸೇ ಕೊನೆ. ಆಮೇಲೆ ಇದೇ ವಿಷಯ ಹೇಳೋರು ಡಾಕ್ಟರು, ಅದೂ ಮಗು ಹುಟ್ಟಿದ ಮೇಲೆ. ಎಂಟರಲ್ಲಿ ಹರೆಯ, ಒಂಬತ್ತರಲ್ಲಿ ಜೀವಕೋಶ, ಹತ್ತರಲ್ಲಿ ಅನುವಂಶೀಯತೆ ಅಂತ ಮೂರು ವರ್ಷ ಮೆಟ್ಟಿಲು ಕಟ್ಟಿ, ಕೊನೇ ಮೆಟ್ಟಿಲಲ್ಲಿ ಬಾಗಿಲು ಹಾಕಿಕೊಳ್ಳೋದು ಯಾವ ನ್ಯಾಯ?

ಮಾವನನ್ನು ಮದುವೆ ಆಗೋದೋ ಬಿಡೋದೋ, ಅದನ್ನು ಮೇಷ್ಟ್ರು ಹೇಳಬೇಕಿಲ್ಲ. ಆ ಮಾತು ಮನೆಯಲ್ಲಿ ಬಂದಾಗ ಹುಡುಗಿಗೆ ಲೆಕ್ಕ ಗೊತ್ತಿದ್ದರೆ ಸಾಕು.