ಚದರಡಿ ಲೆಕ್ಕ

ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆ ನಡೆಯುವುದು ಪಾರ್ಕಿಂಗ್‌ನಲ್ಲಿ, ಎರಡು ಕಾರು ಆಚೆ ತೆಗೆಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ. ರಾಜರಾಜೇಶ್ವರಿನಗರದಲ್ಲಿ ಫ್ಲ್ಯಾಟು ಕೊಂಡವರಿಗೆ ಸಭೆಯ ವಿಷಯ ಏನೆಂದು ಹೇಳಬೇಕಾಗಿಲ್ಲ. ಮೇಂಟೆನೆನ್ಸು ಮನೆಗಿಷ್ಟು ಎಂದೋ, ಚದರಡಿಗಿಷ್ಟು ಎಂದೋ? ನಾನು ಎದ್ದು ನಿಂತು ಸಮಾನತೆಯ ಬಗ್ಗೆ ಮಾತಾಡಿದೆ. ವಾಚ್‌ಮನ್ ಎಲ್ಲ ಮನೆಗೂ ಒಂದೇ ಗೇಟು ತೆಗೆಯುತ್ತಾನೆ, ಲಿಫ್ಟಿಗೆ ಬೆಡ್‌ರೂಮಿನ ಲೆಕ್ಕ ಗೊತ್ತಿಲ್ಲ, ಆದ್ದರಿಂದ ಎಲ್ಲರಿಗೂ ಒಂದೇ ಮೊತ್ತ. ನನ್ನದು ತ್ರೀ ಬೆಡ್‌ರೂಮು ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಕೂತವರಿಗೆಲ್ಲ ಗೊತ್ತಿತ್ತು.

ಹಿಂದಿನ ಸಾಲಿನಲ್ಲಿ ನಮ್ಮ ಕೇಬಲ್‌ನವರು ಕೂತಿದ್ದರು. ಫೈಬರ್ ಬದಲಾಯಿಸಲು ಅನುಮತಿ ಕೇಳಲು ಬಂದವರು ಎರಡು ಗಂಟೆ ನಮ್ಮ ಜಗಳ ಕೇಳಿಸಿಕೊಂಡರು. ಡಿಶ್ ಆಂಟೆನಾ ಕಾಲದಿಂದ ಚನ್ನಸಂದ್ರ, ಬಿಇಎಂಎಲ್ ಲೇಔಟಿನ ಬೀದಿಗಳಲ್ಲಿ ವೈರು ಎಳೆದವರು. ಈಗ ದೊಡ್ಡ ಕಂಪನಿಯೊಂದರ ಕೈಕೆಳಗೆ ಎಂಟುನೂರು ಚಿಲ್ಲರೆ ಮನೆಗೆ ಇಂಟರ್‌ನೆಟ್ ಕೊಡುತ್ತಾರೆ. ಸಭೆ ಮುಗಿದ ಮೇಲೆ ಕಾಫಿ ಲೋಟ ಹಿಡಿದು ನಕ್ಕರು: “ಸಾರ್, ನಮ್ಮ ಐಪಿ ಕಥೆನೂ ಇದೇ.”

ಅವರಿಗೆ ಸ್ವಂತ ಲೈಸೆನ್ಸ್ ಮಾಡಿಸುವ ಆಸೆ. ಅದು ನಾನಂದುಕೊಂಡಷ್ಟು ದುಬಾರಿಯಲ್ಲ. 2014ರ ಯೂನಿಫೈಡ್ ಲೈಸೆನ್ಸ್ ವ್ಯವಸ್ಥೆಯಲ್ಲಿ ಸಣ್ಣ ಪ್ರದೇಶಕ್ಕೆ ಸೇವೆ ಕೊಡುವ ‘ಸಿ’ ವರ್ಗದವರ ಪ್ರವೇಶ ಶುಲ್ಕ 20 ಸಾವಿರ ರೂಪಾಯಿ, ದೇಶಕ್ಕೆಲ್ಲ ಸೇವೆ ಕೊಡುವ ‘ಎ’ ವರ್ಗಕ್ಕೆ 30 ಲಕ್ಷ. ಸರ್ಕಾರ ಇಲ್ಲಿ ಸಣ್ಣವನನ್ನು ಸಣ್ಣವನೆಂದೇ ಕಂಡಿದೆ. ಬ್ಯಾಂಕ್ ಗ್ಯಾರಂಟಿ ಬೇರೆ, ಆಡಿಟರ್ ಬೇರೆ, ಅದೂ ಹೊಂದಿಸಬಹುದಂತೆ. ಅವರನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಬಾಬತ್ತು: ಸ್ವಂತ ಐಪಿ ವಿಳಾಸಗಳು, ಅಂದರೆ ಇಂಟರ್‌ನೆಟ್ಟಿನಲ್ಲಿ ಗುರುತು ಹಿಡಿಯುವ ನಂಬರುಗಳು, ಮತ್ತು ವರ್ಷ ವರ್ಷ ಅವಕ್ಕೆ ಕಟ್ಟಬೇಕಾದ ಸದಸ್ಯತ್ವ ಶುಲ್ಕ.

ಇಂಟರ್‌ನೆಟ್ಟಿನ ಹಳೆಯ ಮಾದರಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಇವನ್ನು ದಾಖಲೆಯಲ್ಲಿಟ್ಟು ಹಂಚಲು ಜಗತ್ತಿನಲ್ಲಿ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿವೆ. ನಮ್ಮ ಪಾಲಿನದು ಎಪಿನಿಕ್, ಕಚೇರಿ ಆಸ್ಟ್ರೇಲಿಯದ ಬ್ರಿಸ್ಬೇನ್. ಭಾರತದಲ್ಲಿ ಆ ಕೆಲಸಕ್ಕೆ ನಿಕ್ಸಿ ಸಂಸ್ಥೆಯ ಅಡಿಯಲ್ಲಿ 2012ರಿಂದ ‘ಇರಿನ್’ ಇದೆ, ರೂಪಾಯಿಯಲ್ಲೇ ಕಟ್ಟಬಹುದು. ಆದರೆ ಹಂಚಲು ಉಳಿದಿರುವುದು ತಳದ ಗಸಿ. 2011ರ ಏಪ್ರಿಲ್‌ನಲ್ಲಿ ಎಪಿನಿಕ್ ತನ್ನ ಕೊನೆಯ ದೊಡ್ಡ ಗಂಟಿಗೆ ಕೈಹಾಕಿತು. ಹೊಸಬರಿಗೆ 1,024ಕ್ಕಿಂತ ಹೆಚ್ಚಿಲ್ಲ ಎಂದಿದ್ದ ಮಿತಿ 2019ರಲ್ಲಿ 512ಕ್ಕೆ ಇಳಿಯಿತು. ಮೊದಲು ಬಂದವರ ಕಥೆಯೇ ಬೇರೆ. ಅಮೆರಿಕದ ಎಂಐಟಿ ಎಂಬ ಒಂದು ವಿಶ್ವವಿದ್ಯಾಲಯದ ಕೈಯಲ್ಲಿ 1.6 ಕೋಟಿಗೂ ಹೆಚ್ಚು ವಿಳಾಸಗಳಿದ್ದವು, 2017ರಲ್ಲಿ ಅದರಲ್ಲಿ ಸುಮಾರು ಅರ್ಧವನ್ನು ಮಾರಲು ಹೊರಟಿತು. ಊರು ಬೆಳೆಯುವ ಮುಂಚೆ ಸೈಟು ಮಾಡಿಕೊಂಡವರ ಮುಂದೆ ನಾವು ಕೈಕಟ್ಟಿ ನಿಲ್ಲುವುದು ಹೊಸದೇನಲ್ಲ.

ವಿಳಾಸ ಇಲ್ಲದವನು ಏನು ಮಾಡುತ್ತಾನೆ? ಒಂದರಲ್ಲೇ ಹತ್ತಾರು ಮನೆ ತುರುಕುತ್ತಾನೆ. ಹೊರಗಿನ ಲೋಕಕ್ಕೆ ನಮ್ಮ ಅಡ್ಡರಸ್ತೆಯಷ್ಟೂ ಒಂದೇ ಮನೆ. ಯಾವನೋ ಹುಡುಗ ಎಲ್ಲೋ ಕಿತಾಪತಿ ಮಾಡಿದರೆ ಆ ವೆಬ್‌ಸೈಟು ಇಡೀ ರಸ್ತೆಗೆ ಬಾಗಿಲು ಹಾಕುತ್ತದೆ. ಮನೆಯ ಸಿಸಿ ಕ್ಯಾಮೆರಾವನ್ನು ಊರಿನಿಂದ ನೇರವಾಗಿ ನೋಡಬೇಕೆಂದರೆ ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು. ಕೇಳಿದಾಗ “ಕಂಪನಿಯವರನ್ನ ಕೇಳಬೇಕು ಸಾರ್” ಎಂಬ ಉತ್ತರ. ಆ ಮಾತು ಹೇಳುವಾಗ ಅವರ ಮುಖ ನೋಡಬೇಕು. ಎಂಟುನೂರು ಮನೆಯ ಯಜಮಾನ ಬಾಡಿಗೆದಾರನಾಗಿ ನಿಂತಿರುತ್ತಾನೆ.

ಇನ್ನು ಆ ಸದಸ್ಯತ್ವ ಶುಲ್ಕ. ಅದಕ್ಕೆ ಎಪಿನಿಕ್ ವರ್ಷಗಟ್ಟಲೆ ಬಳಸಿದ ಸೂತ್ರವೊಂದಿದೆ. ಅಂಕಿ ಈಚೆಗೆ ತುಸು ಬದಲಾದರೂ ಹದ ಅದೇ. ಮೊದಲ 256 ವಿಳಾಸಕ್ಕೆ ವರ್ಷಕ್ಕೆ 1,180 ಆಸ್ಟ್ರೇಲಿಯನ್ ಡಾಲರ್. ಅಲ್ಲಿಂದ ವಿಳಾಸ ಇಮ್ಮಡಿಯಾದಾಗಲೆಲ್ಲ ಶುಲ್ಕ ಶೇ. 30.8ರಷ್ಟು ಮಾತ್ರ ಏರುತ್ತಿತ್ತು. ಹಾಗೆಂದರೆ 512ಕ್ಕೆ 1,543 ಡಾಲರ್. 65,536ಕ್ಕೆ ಸುಮಾರು 10,110. ದೊಡ್ಡವನಿಗೆ 128 ಪಟ್ಟು ವಿಳಾಸ, ಕಟ್ಟುವುದು ಆರೂವರೆ ಪಟ್ಟು. ವಿಳಾಸವೊಂದರ ಲೆಕ್ಕ ಹಾಕಿದರೆ ಸಣ್ಣವನಿಗೆ ಮೂರು ಡಾಲರ್, ದೊಡ್ಡವನಿಗೆ 15 ಸೆಂಟ್. ಅತಿ ಹಿಂದುಳಿದ ದೇಶಗಳಿಗೆ ಅರ್ಧ ರಿಯಾಯಿತಿ ಇದೆ, ಭಾರತ ಆ ಪಟ್ಟಿಯಲ್ಲಿಲ್ಲ.

ಮೊದಲ ನೋಟಕ್ಕೆ ಇದು ಅನ್ಯಾಯ ಅನ್ನಿಸಿತು. ಬೆಳಿಗ್ಗೆಯಷ್ಟೇ ಎಲ್ಲರಿಗೂ ಒಂದೇ ಮೊತ್ತ ಎಂದು ಕೂಗಿದ ಬಾಯಿಗೆ ಮಧ್ಯಾಹ್ನ ಚದರಡಿ ಲೆಕ್ಕವೇ ನ್ಯಾಯವಾಗಿ ಕಂಡಿತು. ಆದರೆ ನೋಂದಣಿ ಕಚೇರಿಯ ಖರ್ಚು ಹುಟ್ಟುವುದು ವಿಳಾಸದಿಂದಲ್ಲ, ಸದಸ್ಯನಿಂದ. ಕಾಗದಪತ್ರ ಪರೀಕ್ಷಿಸುವುದು, ಫೋನಿಗೆ ಉತ್ತರ ಕೊಡುವುದು, ತಿಳಿಯದವನಿಗೆ ಕಲಿಸುವುದು, ಇವೆಲ್ಲ 512 ಇದ್ದವನಿಗೂ ಅಷ್ಟೇ, ಲಕ್ಷ ಇದ್ದವನಿಗೂ ಅಷ್ಟೇ. ನಿಜ ಹೇಳಬೇಕೆಂದರೆ ಸಣ್ಣವನಿಗೇ ಕೆಲಸ ಹೆಚ್ಚು. ವಾಚ್‌ಮನ್‌ನ ಬಗ್ಗೆ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹೇಳಿದ ಕಾರಣ ಮಾತ್ರ ಕೆಟ್ಟದಾಗಿತ್ತು.

ಯುರೋಪಿನ ಸಂಸ್ಥೆ ರೈಪ್ ‘ಮನೆಗಿಷ್ಟು’ ಪಂಗಡ. 2025ರಲ್ಲಿ ಪ್ರತಿ ಖಾತೆಗೆ 1,800 ಯೂರೋ, ದೇಶದ ದೊಡ್ಡ ಟೆಲಿಕಾಂ ಆಗಲಿ ಹಳ್ಳಿಯ ಪುಟ್ಟ ಕಂಪನಿಯಾಗಲಿ. ವಿಳಾಸದ ಬರ ಬಂದಾಗ ಅಲ್ಲಿ ಒಬ್ಬರೇ ಹಲವು ಖಾತೆ ತೆರೆದು ಪಾಲು ತೆಗೆದುಕೊಂಡರು. ಹೌಸ್ ಬಿಲ್ಡಿಂಗ್ ಸೊಸೈಟಿಗಳಲ್ಲಿ ಹೆಂಡತಿ, ಭಾವಮೈದುನರ ಹೆಸರಲ್ಲಿ ಸೈಟು ಹಿಡಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎಲ್ಲರ ಕೈಗೆಟುಕುವಂತೆ ಅಗ್ಗ ಮಾಡಿಬಿಟ್ಟರೆ? ಕಾರಲ್ಲಿ ಬಂದು ಬಿಪಿಎಲ್ ಕಾರ್ಡು ತೋರಿಸುವವರು ಎಲ್ಲ ಕಡೆ ಇದ್ದಾರೆ. ಆಫ್ರಿಕದ ನೋಂದಣಿ ಸಂಸ್ಥೆ ಆಫ್ರಿನಿಕ್ ಮಾರಿಷಸ್‌ನಲ್ಲಿದೆ. ಅದರಿಂದ ಕಂಪನಿಯೊಂದು 60 ಲಕ್ಷಕ್ಕೂ ಹೆಚ್ಚು ವಿಳಾಸ ಪಡೆದಿತ್ತು. ಅವು ಖಂಡದ ಹೊರಗೆ ಬಳಕೆಯಾಗುತ್ತಿವೆ, ವಾಪಸು ಕೊಡಿ ಎಂದು ಸಂಸ್ಥೆ ಕೇಳಿದ್ದೇ ತಡ, ಕಂಪನಿ ಕೋರ್ಟಿಗೆ ಹೋಯಿತು. 2021ರ ಜುಲೈನಲ್ಲಿ ಸಂಸ್ಥೆಯ ಬ್ಯಾಂಕ್ ಖಾತೆಗಳೇ ಸ್ತಂಭಿಸಿದವು. 2023ರಲ್ಲಿ ರಿಸೀವರ್ ನೇಮಕವಾಯಿತು. ಪೇಟೆಯಲ್ಲಿ ಒಂದು ವಿಳಾಸದ ಬೆಲೆ 50 ಅಮೆರಿಕನ್ ಡಾಲರ್ ಮುಟ್ಟಿದ್ದ ಕಾಲ ಅದು. ಇದನ್ನು ತೋರಿಸಿ ‘ನೋಡಿ, ಶುಲ್ಕ ಏರಿಸಬೇಕು’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂಥ ಕುಳಕ್ಕೆ ಶುಲ್ಕ ಹತ್ತು ಪಟ್ಟಾದರೂ ಲಾಭವೇ. ನಮ್ಮ ಕೇಬಲ್‌ನವರಿಗೆ ಎರಡು ಪಟ್ಟಾದರೆ ಅಲ್ಲಿಗೆ ಮುಗಿಯಿತು. ಕೊಡುವಾಗ ಕಣ್ಣಿಟ್ಟು ನೋಡಬೇಕಾದ ಕೆಲಸವನ್ನು ದರಪಟ್ಟಿಗೆ ವಹಿಸಬಾರದು.

ನನಗೆ ಇರುಸುಮುರುಸಾದದ್ದು ಓಟಿನ ವಿಷಯದಲ್ಲಿ. ಎಪಿನಿಕ್‌ನಲ್ಲಿ ನೇರ ಸದಸ್ಯರ ಓಟು ಗಾತ್ರಕ್ಕೆ ತಕ್ಕಂತೆ. ಅತಿ ಸಣ್ಣವನಿಗೆ ಎರಡು, ಮೇಲೇರುತ್ತ ನಾಲ್ಕು, ಎಂಟು, ಹದಿನಾರು, ಅತಿ ದೊಡ್ಡವನಿಗೆ 64. ಹೆಚ್ಚು ಕಟ್ಟುವವನು ಹೆಚ್ಚು ಹೇಳಲಿ ಎಂಬ ತರ್ಕ. ಯುರೋಪಿನಲ್ಲಿ ಸದಸ್ಯನಿಗೊಂದೇ ಓಟು. ಶುಲ್ಕದಲ್ಲಿ ಸಣ್ಣವನಿಗೆ ನಾಲ್ಕು ಕಾಸು ಬಿಟ್ಟು, ಶುಲ್ಕ ಎಷ್ಟಿರಬೇಕೆಂಬ ಮಾತಿನಲ್ಲಿ ಅವನನ್ನು ಹಿಂದಿನ ಸಾಲಿನ ಕುರ್ಚಿಗೆ ಕಳಿಸಿದರೆ, ಆ ಬಿಟ್ಟ ಕಾಸು ಧರ್ಮವಾದೀತೇ ಹೊರತು ಹಕ್ಕಾಗುವುದಿಲ್ಲ. ದಾನಿಯ ಮನಸ್ಸು ಬದಲಾದ ವರ್ಷ ಅದೂ ಇಲ್ಲ.

ಮುಂದಿನ ಸಭೆಯಲ್ಲಿ ನಮ್ಮ ನಿವೃತ್ತ ವಕೀಲರು 1972ರ ಅಪಾರ್ಟ್‌ಮೆಂಟ್ ಕಾಯ್ದೆ ಹಿಡಿದು ಬಂದರು. ಖರ್ಚು ಅವರವರ ಪಾಲಿನ ಲೆಕ್ಕದಲ್ಲೇ ಎಂದು ಓದಿ ಹೇಳಿದರು. ಚದರಡಿ ಗೆದ್ದಿತು. ಆಗ ಮೇಲಿನ ಮಹಡಿಯ ದೊಡ್ಡ ಫ್ಲ್ಯಾಟಿನವರು ಎದ್ದರು. “ಸರಿ, ಜಾಸ್ತಿ ಕಟ್ತೀನಿ. ಹಂಗಾದ್ರೆ ಇನ್ಮೇಲೆ ಓಟೂ ಚದರಡಿ ಲೆಕ್ಕದಲ್ಲೇ ಹಾಕ್ಸಿ.” ತ್ರೀ ಬೆಡ್‌ರೂಮಿನ ನನಗೂ ಅದರಲ್ಲಿ ಒಂದಿಷ್ಟು ಸಿಗುತ್ತಿತ್ತು. ಕೈ ಎತ್ತಿ ಎಂದರು. ನನ್ನ ಬಲಗೈ ತೊಡೆಯ ಮೇಲಿಂದ ಅರ್ಧ ಅಡಿ ಮೇಲೆದ್ದಿತ್ತು. ಹಿಂದಿನ ಸಾಲಿನಲ್ಲಿ ಕೇಬಲ್‌ನವರು ಕೂತಿದ್ದರು, ಫೈಬರಿನ ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಕೈಯನ್ನು ಹಾಗೇ ಕನ್ನಡಕಕ್ಕೆ ಒಯ್ದು ಸರಿಮಾಡಿಕೊಂಡೆ.